ಕೈ ಮೇಲೆ ಕೂರುವ ಚಟ

ನನಗೊಂದು ಚಟವಿದೆ. ಎದುರಿಗೆ ಯಾರಾದರೂ ನಿಧಾನವಾಗಿ ಏನಾದರೂ ಮಾಡುತ್ತಿದ್ದರೆ ನನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಕೂತುಬಿಡುತ್ತೇನೆ. ಬ್ಯಾಂಕಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಒಂದೇ ಬೆರಳಿನಲ್ಲಿ ಕೀಬೋರ್ಡಿನ ಅಕ್ಷರ ಹುಡುಕುತ್ತಿದ್ದರೆ, ಮದುವೆಮನೆಯಲ್ಲಿ ಯಾವುದೋ ಮಗು ಹೋಳಿಗೆಯ ಜೊತೆ ಕುಸ್ತಿ ಆಡುತ್ತಿದ್ದರೆ, ಕೈ ತಾನಾಗಿಯೇ ಕೆಳಗೆ ಹೋಗುತ್ತದೆ. ಒಮ್ಮೆ ಬಸ್ಸಿನಲ್ಲಿ ಪಕ್ಕದ ಹಿರಿಯರು ಕಿಟಕಿಯ ಗಾಜು ಸರಿಸಲು ಹೆಣಗುತ್ತ ನನ್ನನ್ನು ದುರುಗುಟ್ಟಿ ನೋಡಿದರು. ಇಷ್ಟು ಗಟ್ಟಿಮುಟ್ಟಾದ ಹೆಂಗಸು ಕೈಯಡಗಿಸಿಕೊಂಡು ಕೂತಿದ್ದಾಳಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು, "ಏನ್ ಮೇಡಂ, ಅಷ್ಟೊಂದು ಚಳಿನಾ?" ಎಂದು ಕೇಳಿದರು. ಅದು ಏಪ್ರಿಲ್ ತಿಂಗಳು.

ಚಳಿಯಲ್ಲ, ಸ್ವಾಮಿ. ಇದು ಚಿಕಿತ್ಸೆ. ಶುರುವಾದಾಗ ಮಗಳಿಗೆ ಅಂದುಕೊಂಡಿದ್ದೆ. ಅವಳದು ಮುಗಿದು ಎಷ್ಟೋ ವರ್ಷವಾಯಿತು, ನನ್ನದು ಇನ್ನೂ ನಡೆದಿದೆ.

ಮಗಳ ಹೆಸರು ನೀಲಾ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಅವಳಿಗೆ ಐದು ವರ್ಷ. ನಾವು ಹಲಸೂರಿನಲ್ಲಿ, ಕೆರೆಯ ಹಿಂದಿನ ಬೀದಿಯ ಒಂದು ಮಹಡಿ ಮನೆಯಲ್ಲಿದ್ದೆವು. ನೀಲಾಳ ಮಾತು ಅರಳು ಹುರಿದಂತೆ. ಕೆಳಗಿನ ಮನೆಯವರ ತಮಿಳು, ಎದುರು ಮನೆಯವರ ಉರ್ದು, ನಮ್ಮ ಮನೆಯ ಗದಗಿನ ಕನ್ನಡ ಮೂರನ್ನೂ ಕಲಸಿ ಮೂರು ಮನೆಯವರನ್ನೂ ಬುಟ್ಟಿಗೆ ಹಾಕಿಕೊಂಡಿದ್ದಳು. ಆದರೆ ಕೈ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಪೆನ್ಸಿಲ್ ಹಿಡಿದರೆ ಜಾರುತ್ತಿತ್ತು, ಜಾರಬಾರದೆಂದು ಒತ್ತಿ ಹಿಡಿದರೆ ಕಾಗದ ಹರಿಯುತ್ತಿತ್ತು. ಅನ್ನ ಬಾಯಿಗಿಂತ ಫ್ರಾಕಿಗೇ ಹೆಚ್ಚು ಹೋಗುತ್ತಿತ್ತು. ಅಂಗಿಯ ಗುಂಡಿಯಂತೂ ಅವಳ ಜನ್ಮದ ವೈರಿ. ಒಂದು ಗುಂಡಿ ಕಾಜಾದೊಳಗೆ ಹೋಗುವಷ್ಟರಲ್ಲಿ ಹಣೆಯ ಮೇಲೆ ಬೆವರು ಬಂದಿರುತ್ತಿತ್ತು. ಪರೀಕ್ಷೆ ಮಾಡಿದ ಡಾಕ್ಟರು, ಹೆದರುವಂಥದ್ದೇನೂ ಇಲ್ಲ, ಕೈ ಮತ್ತು ಹೆಗಲಿನ ಬಲ ಕಡಿಮೆ, ಬೆರಳುಗಳ ಹೊಂದಾಣಿಕೆ ತಡ, ಊಟ, ಬಟ್ಟೆ, ಬರವಣಿಗೆಯಂಥ ದಿನದ ಕೆಲಸಗಳಿಗೆ ಕೈ ಪಳಗಿಸುವ ಆಕ್ಯುಪೇಷನಲ್ ಥೆರಪಿ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು.

ಆ ಚೀಟಿ ಪರ್ಸಿನಲ್ಲೇ ಇತ್ತು. ದೀಪಾವಳಿ ರಜೆ ಮುಗಿದ ಮೇಲೆ ಶಾಲೆಯಿಂದ ಇನ್ನೊಂದು ಚೀಟಿ ಬಂತು. ಒಂದನೇ ತರಗತಿಯ ಮಕ್ಕಳು ಪಿ.ಟಿ. ಇರುವ ದಿನ ತಾವೇ ಅಂಗಿ ಬದಲಿಸಿಕೊಳ್ಳಬೇಕು, ಆಯಾ ಸಹಾಯ ಇರುವುದಿಲ್ಲ, ಮೇ ಕೊನೆಯಲ್ಲಿ ಕರೆದು ನೋಡುತ್ತೇವೆ, ಆಗದಿದ್ದರೆ ನೀಲಾ ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಬೇಕಾಗುತ್ತದೆ. ಅವಳ ಗೆಳತಿಯರೆಲ್ಲ ಮೇಲಿನ ತರಗತಿಗೆ ಹೋಗಿ ಇವಳೊಬ್ಬಳು ಚಿಕ್ಕವರ ಮಧ್ಯೆ ಕೂತಿರುವ ಚಿತ್ರ ಕಣ್ಣ ಮುಂದೆ ಬಂದು ನನಗೆ ಊಟ ಸೇರಲಿಲ್ಲ. ಐದು ಗುಂಡಿ, ಏಳು ತಿಂಗಳು. ಆಗಿಯೇ ಆಗಬೇಕು ಎಂದು ನಾನು ಹಠ ತೊಟ್ಟೆ.

ಆಗ ಗದಗಿನಿಂದ ಅವ್ವ ಬಂದಿದ್ದಳು. ಎರಡೂ ಚೀಟಿಗಳ ವಿಷಯ ಕೇಳಿ ನಕ್ಕಳು.

"ಐದು ವರ್ಷದ ಕೂಸಿನ ಕೈಗೆ ಎಂಥಾ ಟ್ರೇನಿಂಗ ಯವ್ವಾ? ನಾ ಇಲ್ಲೇನು? ನಾ ಉಣಸ್ತೀನಿ, ನಾ ಅಂಗಿ ಹಾಕ್ತೀನಿ."

ಅವ್ವನ ಮಾತು ಸುಳ್ಳಲ್ಲ. ಅವಳು ನಮ್ಮನ್ನೆಲ್ಲ ಬೆಳೆಸಿದ್ದು ಹಾಗೆಯೇ. ನನಗೆ ನಾಲ್ಕನೇ ಇಯತ್ತೆಯವರೆಗೆ ಮಧ್ಯಾಹ್ನದ ಮೊಸರನ್ನ ಅವಳ ಕೈಯಿಂದಲೇ ಬಾಯಿಗೆ ಬೀಳುತ್ತಿತ್ತು. ಶಾಲೆ ಎದುರಿನ ಓಣಿಯಲ್ಲೇ ಇದ್ದದ್ದರಿಂದ ಊಟಕ್ಕೆ ಓಡಿ ಬರುತ್ತಿದ್ದೆ, ಕಟ್ಟೆಯ ಮೇಲೆ ಕೂತು ಬಾಯಿ ತೆರೆಯುತ್ತಿದ್ದೆ, ನನ್ನ ಎರಡು ಕೈಗೂ ಆಗ ಗಜ್ಜುಗದ ಕಾಯಿ ಆಡಿಸುವುದಷ್ಟೇ ಉದ್ಯೋಗ. ಜಡೆ ಅವಳು ಹಾಕುವಳು, ಲಂಗದ ಲಾಡಿ ಅವಳು ಕಟ್ಟುವಳು. ನಮ್ಮಪ್ಪನ ಕೋಟಿನ ಗುಂಡಿಯನ್ನೂ ಅವಳೇ ಹಾಕಿ, ಎದೆಯ ಮೇಲೆ ಎರಡು ಸಲ ತಟ್ಟಿ ಕಳಿಸುವಳು. ಒಂದು ದಿನ ನಾನು ನಿದ್ದೆಗೆ ಬಿದ್ದೆನೆಂದು ನನ್ನ ಪಾಟಿಯ ಮೇಲೆ ಇಡೀ ಕಾಗುಣಿತವನ್ನೂ ಬರೆದಿಟ್ಟಳು. ಮರುದಿನ ಮಾಸ್ತರರು ಪಾಟಿಯನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮವ್ವನ ಅಕ್ಷರ ಭಾಳ ಛಂದ ಅದಾವ, ನಾಳೆಯಿಂದ ಆಕೀನ್ನ ಸಾಲಿಗೆ ಕಳಸು" ಎಂದರು. ಇಡೀ ತರಗತಿ ನಕ್ಕಿತು. ನಾನು ಮನೆಗೆ ಬಂದು ಅತ್ತೆ. ಅವ್ವ ನನ್ನ ಕಣ್ಣೊರೆಸಿದಳು, ಅದನ್ನೂ ನನಗೆ ಒರೆಸಿಕೊಳ್ಳಲು ಬಿಡಲಿಲ್ಲ.

ನಮ್ಮ ಮನೆಯಲ್ಲಿ ಪ್ರೀತಿ ಎಂದರೆ ಇನ್ನೊಬ್ಬರ ಕೈಯಲ್ಲಿದ್ದ ಕೆಲಸ ಕಸಿದುಕೊಳ್ಳುವುದು. ಬೇರೆ ಥರ ಪ್ರೀತಿಸುವುದು ನಮಗೆ ಗೊತ್ತಿರಲಿಲ್ಲ. ನಾನೂ ಅದನ್ನೇ ಕಲಿತು ಬೆಂಗಳೂರಿಗೆ ತಂದಿದ್ದೆ.

ಆ ಥೆರಪಿ ಮಾಡಿಸುವ ಶಾಹೀನಾ ಮೇಡಂ ಸಿಕ್ಕಿದ್ದು ಎದುರು ಮನೆಯವರಿಂದ. ಕುಕ್ ಟೌನಿನ ಹಳೇ ಬಂಗಲೆಯೊಂದರ ಕಾರು ನಿಲ್ಲಿಸುವ ಜಾಗವನ್ನೇ ಕೋಣೆ ಮಾಡಿಕೊಂಡಿದ್ದರು. ತೊಲೆಯಿಂದ ಒಂದು ಬಟ್ಟೆಯ ಜೋಲಿ ತೂಗುಬಿಟ್ಟಿತ್ತು, ನೆಲಕ್ಕೆ ಚಾಪೆ, ಮೂಲೆಯಲ್ಲಿ ಅಕ್ಕಿ ತುಂಬಿದ ತಟ್ಟೆ, ಗೋಡೆಯುದ್ದಕ್ಕೂ ಒಂದು ಹಗ್ಗ, ಹಗ್ಗದ ತುಂಬ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ನನಗೆ ಅನುಮಾನವಾಯಿತು. ಯಂತ್ರಗಳಿರುತ್ತವೆ, ಕೆಂಪು ದೀಪ ಹತ್ತುತ್ತದೆ ಎಂದುಕೊಂಡು ಹೋಗಿದ್ದವಳು ನಾನು. ಮೇಡಂ ಎತ್ತರದ ಹೆಂಗಸು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ನೆಲದ ಮೇಲೇ ಕೂತಿದ್ದರು.

ನಾನು ಮೊದಲ ಮಾತಿಗೇ ಕೇಳಿದೆ. "ಮೇಡಂ, ಒಟ್ಟು ಎಷ್ಟು ದಿನ ಬೇಕಾಗತ್ತೆ?"

ಇಲ್ಲಿ ನನ್ನ ನೌಕರಿಯ ವಿಷಯ ಹೇಳಬೇಕು. ನಾನು ಟೆಲಿಫೋನ್ ಆಫೀಸಿನ ಕೌಂಟರಿನಲ್ಲಿದ್ದೆ. ಮೊಬೈಲು ಎಲ್ಲರ ಜೇಬಿಗೆ ಬರುವ ಮೊದಲಿನ ಮಾತು. ಹೊಸ ಫೋನಿಗೆ ಅರ್ಜಿ ಹಾಕಿದವರು ಬಂದು ಕಿಂಡಿಯಲ್ಲಿ ಮುಖ ತೂರಿಸಿ "ಇನ್ನೂ ಎಷ್ಟು ದಿನ ಮೇಡಂ?" ಎಂದು ಕೇಳುವುದು, ನಾನು ರಿಜಿಸ್ಟರಿನ ನಂಬರು ನೋಡಿ ಒಂದು ತಿಂಗಳ ಹೆಸರು ಹೇಳುವುದು, ಅವರು ಒಂದು ದಿನಾಂಕ ಹಿಡಿದುಕೊಂಡು ಸಮಾಧಾನದಿಂದ ಮನೆಗೆ ಹೋಗುವುದು. ದಿನಾಂಕ ಕೊಡುವುದು ನನ್ನ ಕೆಲಸವಾಗಿತ್ತು. ನನಗೂ ಯಾರಾದರೂ ಒಂದು ದಿನಾಂಕ ಕೊಡಲಿ ಎಂದು ನಾನು ಕಿಂಡಿಯ ಆಚೆ ನಿಂತದ್ದು ಅದೇ ಮೊದಲು.

"ಏನ್ ಮಾಡೋಕೆ ಎಷ್ಟು ದಿನ?" ಎಂದರು ಶಾಹೀನಾ ಮೇಡಂ.

"ಸರಿ ಹೋಗೋಕೆ."

"ಸರಿ ಹೋಗೋದು ಅಂದ್ರೆ ಏನು ಮೇಡಂ?"

ನಾನು ಪರ್ಸಿನಿಂದ ಡಾಕ್ಟರ ಚೀಟಿ ತೆಗೆದು ಚಾಚಿದೆ. ಅವರು ನೀಲಾಳ ಕಡೆ ತಿರುಗಿದರು. "ಬೇಟಾ, ನಿನಗೆ ಏನ್ ಮಾಡೋಕೆ ಬರಬೇಕು ಅಂತ ಆಸೆ?"

ನೀಲಾ ಜೋಲಿಯನ್ನೇ ನೋಡುತ್ತಿದ್ದಳು. ಅಲ್ಲಿಂದ ಕಣ್ಣು ತೆಗೆಯದೆ ಹೇಳಿದಳು. "ಆಯಾ ನನ್ ಅಂಗಿ ಹಾಕ್ಬಾರ್ದು. ಎಲ್ರೂ ನೋಡ್ತಾರೆ."

ಈ ಮಾತನ್ನು ಅವಳು ನನ್ನ ಹತ್ತಿರ ಒಂದು ದಿನವೂ ಆಡಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಮೇಡಂ ಅದನ್ನು ಹಾಗೇ ನೋಟುಬುಕ್ಕಿನಲ್ಲಿ ಬರೆದುಕೊಂಡರು.

"ಇದಕ್ಕೆ ಎಷ್ಟು ದಿನ ಅಂತ ಕೇಳಿದ್ರೆ ಅಂದಾಜು ಹೇಳ್ಬಹುದು. ವಾರಕ್ಕೆ ಎರಡು ಸಲ ಬನ್ನಿ, ಮನೇಲಿ ದಿನಾ ಮಾಡ್ಸಿ, ಮೂರು ತಿಂಗಳಾದ್ಮೇಲೆ ನಾನು ನೀವು ಕೂತು ನೋಡೋಣ. ಕೆಲವು ಮಕ್ಳು ಆರು ತಿಂಗಳು ಬರ್ತಾರೆ, ಕೆಲವರು ವರ್ಷಗಟ್ಲೆ ಬರ್ತಾರೆ. ನಿಮ್ ಮಗಳು ಯಾವ್ ಥರ ಅಂತ ಮೊದಲ್ನೇ ದಿನಾನೇ ಯಾರಾದ್ರೂ ಹೇಳಿದ್ರೆ ನಂಬಬೇಡಿ."

ಆಮೇಲೆ ನೀಲಾಳ ಮುಂದೆ ಒಂದು ಡಬ್ಬಿ ಇಟ್ಟು ಮುಚ್ಚಳ ತೆಗೆಯಲು ಹೇಳಿದರು. ನೀಲಾ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ತಿರುಗಿಸತೊಡಗಿದಳು. ಮುಚ್ಚಳ ತೆರೆದುಕೊಂಡಿತು. ನೋಡಿದರೆ, ತೆರೆದದ್ದು ನಾನು.

"ಮೂರು ಸಲ ಕೈ ಹಾಕಿದ್ರಿ," ಎಂದರು ಮೇಡಂ, ಸಿಟ್ಟಿಲ್ಲದೆ. "ಎರಡು ಸಲ ನಿಮಗೇ ಗೊತ್ತಾಗ್ಲಿಲ್ಲ. ಒಂದ್ ಕೆಲ್ಸ ಮಾಡಿ, ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಅದ್ರ ಮೇಲೆ ಕೂತ್ಕೊಳ್ಳಿ. ಇಲ್ಲೂ ಅಷ್ಟೇ, ಮನೇಲೂ ಅಷ್ಟೇ. ಇದು ನಿಮ್ಮ ಹೋಂವರ್ಕ್."

ಮೂವತ್ತನಾಲ್ಕು ವರ್ಷದ, ಸರ್ಕಾರಿ ನೌಕರಿಯ, ಎರಡು ಇನ್‌ಕ್ರಿಮೆಂಟ್ ಹೆಚ್ಚಿಗೆ ಪಡೆದ ನಾನು ಚಾಪೆಯ ಮೇಲೆ ಕೈಯಡಗಿಸಿಕೊಂಡು ಕೂತೆ. ನೀಲಾ ಖುಷಿಯಿಂದ ಕಿಲಕಿಲ ನಕ್ಕಳು.

ಹಾಗೆ ಶುರುವಾಯಿತು. ಮಂಗಳವಾರ ಮತ್ತು ಶನಿವಾರ, ಆಫೀಸಿನಿಂದ ಓಡಿ ಬಂದು ಅವಳನ್ನು ಎಳೆದುಕೊಂಡು ಆಟೋ ಹಿಡಿಯುವುದು. ಬೆರಳಿಗೆ ಕಲಿಸಿ ಎಂದು ಕರೆದುಕೊಂಡು ಹೋದರೆ ಮೇಡಂ ಮೊದಲ ತಿಂಗಳು ಬೆರಳನ್ನು ಮುಟ್ಟಲೇ ಇಲ್ಲ. ಜೋಲಿಯಲ್ಲಿ ಬೋರಲು ಮಲಗಿಸಿ ತೂಗಿದರು, ಅಂಬೆಗಾಲಿಕ್ಕಿಸಿದರು, ಗೋಡೆ ತಳ್ಳಿಸಿದರು. ಹೆಗಲು ಗಟ್ಟಿಯಾಗದೆ ಬೆರಳು ನಿಲ್ಲುವುದಿಲ್ಲವಂತೆ. ಆಮೇಲೆ ಅಕ್ಕಿಯ ತಟ್ಟೆಯಲ್ಲಿ ಹುದುಗಿಸಿದ ಗೋಲಿ ಹುಡುಕುವುದು, ಹಗ್ಗಕ್ಕೆ ಕ್ಲಿಪ್ ಸಿಕ್ಕಿಸುವುದು. ಮನೆಯಲ್ಲಿ ಹಿಟ್ಟು ನಾದುವುದನ್ನು ಅವಳಿಗೇ ಬಿಡಬೇಕು ಎಂದರು. ನನ್ನ ಗಂಡ ಕೆ.ಆರ್. ಪುರದ ಕಡೆಯ ಕಾರ್ಖಾನೆಯಿಂದ ಹಸಿದು ಬಂದು, ಏಳೂವರೆಗೆ ಇನ್ನೂ ನಾದುತ್ತಲೇ ಇರುವ ಮಗಳನ್ನೂ, ಅಡುಗೆಮನೆಯ ಮಣೆಯ ಮೇಲೆ ಕೈ ಮೇಲೆ ಕೂತ ಹೆಂಡತಿಯನ್ನೂ ನೋಡಿ ಬಾಳೆಹಣ್ಣು ಸುಲಿದುಕೊಂಡು ಕೂರುತ್ತಿದ್ದರು. ಒಂದು ದಿನವೂ ಗೊಣಗಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಗೊಣಗಿದ್ದು ಅವ್ವ. "ಕೂಸು ದುಡೀಬೇಕು, ನಾ ನೋಡಕೋತ ಕೂಡಬೇಕು?" ಎಂದು ಗದಗಿಗೆ ಬಸ್ಸು ಹತ್ತಿದಳು.

ಶಾಹೀನಾ ಮೇಡಂ ಅವರ ವರಾಂಡದಲ್ಲಿ ಒಂದು ಬೆಂಚಿತ್ತು. ನಮ್ಮಂಥ ತಾಯಂದಿರು ಅಲ್ಲಿ ಕೂತು ಕೇಳುವುದು ಒಂದೇ ಪ್ರಶ್ನೆ. "ನಿಮ್ಮದು ಎಷ್ಟಾಯ್ತು?" ಬಸುರಿಯರು ತಿಂಗಳು ಕೇಳಿಕೊಂಡಂತೆ. ಹೊರಮಾವಿನಿಂದ ಬರುತ್ತಿದ್ದ ಒಬ್ಬಾಕೆಯದು ನಾಲ್ಕನೇ ವರ್ಷ. ಅವರ ಮಗ ಆಗಷ್ಟೇ ಚಮಚ ಹಿಡಿಯಲು ಕಲಿತಿದ್ದ. ಅದನ್ನು ಅವರು ಎಷ್ಟು ಸಂತೋಷದಿಂದ ಹೇಳಿದರೆಂದರೆ, ನನ್ನ ಏಳು ತಿಂಗಳ ಲೆಕ್ಕ ನೆನೆದು ನನಗೆ ನಾಚಿಕೆಯಾಯಿತು. ನಾಚಿಕೆಯಾದರೂ ಲೆಕ್ಕ ಬಿಡಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನವೂ ಒಂದು ಗೀಟು ಎಳೆಯುತ್ತಿದ್ದೆ.

ಏಪ್ರಿಲ್ ಮುಗಿಯಿತು. ನೀಲಾ ಡಬ್ಬಿ ತೆಗೆಯುತ್ತಿದ್ದಳು, ಚಪಾತಿ ಹಿಟ್ಟು ನಾದುತ್ತಿದ್ದಳು, ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸುತ್ತಿದ್ದಳು. ಗುಂಡಿಗಳೂ ಬರುತ್ತಿದ್ದವು. ಆದರೆ ಒಂದು ದಿನ ಐದು, ಒಂದು ದಿನ ಎರಡು, ಇನ್ನೊಂದು ದಿನ ಅಳು. ಶಾಲೆಯವರು ಕರೆದ ದಿನಕ್ಕೆ ಮೂರು ವಾರ ಉಳಿದಿತ್ತು. ನನ್ನ ಧೈರ್ಯ ಕೈಕೊಟ್ಟಿತು.

ಆಗ ನಾನು ಮಾಡಿದ ಘನಕಾರ್ಯ ಕೇಳಿ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಹಿರಿಯ ಟೈಲರ್ ಇದ್ದರು. ನೀಲಾಳ ಹೊಸ ಯೂನಿಫಾರಂ ಅಂಗಿಯನ್ನು ಅವರಿಗೆ ಕೊಟ್ಟು, ಐದು ಕಾಜಾಗಳನ್ನೂ ಹೊಲಿದು ಮುಚ್ಚಿ, ಒಳಗಡೆ ರವಿಕೆಗೆ ಹಾಕುತ್ತಾರಲ್ಲ, ಒತ್ತಿದರೆ ಕೂರುವ ಟಿಚ್ ಬಟನ್, ಅದನ್ನು ಹಚ್ಚಿಸಿ, ಮೇಲುಗಡೆ ನಿಜವಾದ ಗುಂಡಿಗಳನ್ನು ಬರೀ ತೋರಿಕೆಗೆ ಹೊಲಿಸಿದೆ. ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಟೈಲರ್ ಕನ್ನಡಕದ ಮೇಲಿನಿಂದ ನೋಡಿ, "ಕಾಜಾ ಚೆನ್ನಾಗೇ ಇದ್ಯಲ್ಲಮ್ಮಾ, ಯಾಕೆ ಮುಚ್ಚೋದು?" ಎಂದರು. ಈಗಿನ ಫ್ಯಾಷನ್ನು ಎಂದೆ. ಅವ್ವ ಬರೆದ ಪಾಟಿ ಹಿಡಿದುಕೊಂಡು ನಾನು ಮತ್ತೆ ಶಾಲೆಗೆ ಹೊರಟಿದ್ದೆ, ಅದು ಆಗ ನನಗೆ ಹೊಳೆಯಲಿಲ್ಲ.

ನೀಲಾಳಿಗೆ ಆ ಅಂಗಿ ತೊಡಿಸಿ ನೋಡಿದೆ. ಟಪ್, ಟಪ್, ಟಪ್, ಟಪ್, ಟಪ್. ಅರ್ಧ ನಿಮಿಷ. ಶನಿವಾರ ಆ ಅಂಗಿಯನ್ನು ತನ್ನ ಚೀಲದಲ್ಲಿ ಮಡಚಿಟ್ಟುಕೊಂಡು ಬಂದಿದ್ದಾಳೆಂದು ನನಗೆ ಗೊತ್ತಾದದ್ದು ಕುಕ್ ಟೌನಿನಲ್ಲಿ, ಅವಳು ಅದನ್ನು ಮೇಡಂ ಮುಂದೆ ಹರಡಿದಾಗ.

"ಆಂಟಿ, ಅಮ್ಮ ಸುಳ್ಳು ಗುಂಡಿ ಹಾಕ್ಸಿದ್ದಾಳೆ."

ಶಾಹೀನಾ ಮೇಡಂ ಅಂಗಿಯನ್ನು ತಿರುಗಿಸಿ ನೋಡಿದರು. ಒಂದು ಬಟನ್ ಬಿಚ್ಚಿದರು, ಒತ್ತಿದರು. "ಕೆಲ್ಸ ನೀಟಾಗಿದೆ," ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ.

"ನೋಡಿ ಮೇಡಂ, ಇದರಲ್ಲಿ ತಪ್ಪೇನಿಲ್ಲ. ಕೆಲವು ಮಕ್ಳಿಗೆ ನಾನೇ ಹೇಳಿ ಇಂಥ ಬಟನ್ ಹಾಕಿಸ್ತೀನಿ. ಅವರ ಕೈಗೆ ಅದೇ ಸರಿ, ಅದರಲ್ಲೇ ಅವರು ತಾವೇ ಬಟ್ಟೆ ಹಾಕ್ಕೊಂಡು ಓಡಾಡ್ತಾರೆ. ಆದ್ರೆ ಅವರನ್ನ ಕೇಳಿ ಹಾಕಿಸ್ತೀನಿ. ನೀವು ಇವಳನ್ನ ಕೇಳಿದ್ರಾ?"

ಇಲ್ಲ ಎಂದೆ. ಆಮೇಲೆ, ಅಲ್ಲೇ, ತಡಮಾಡದೆ ಕೇಳಿದೆ. "ನೀಲಾ, ನಿನಗೆ ಯಾವ ಅಂಗಿ ಬೇಕು?"

"ತೂತಿನ ಗುಂಡೀದು," ಎಂದಳು. "ನಂಗೆ ಬರುತ್ತೆ. ಲೇಟಾಗುತ್ತೆ ಅಷ್ಟೆ."

ಬರುವ ದಾರಿಯಲ್ಲಿ ಆಟೋದಲ್ಲಿ ನನಗೆ ಅಳು ಬಂತು. ಅವಳು ನನ್ನ ಪಕ್ಕದಲ್ಲಿ ಕೂತು ನನ್ನ ಸೀರೆಯ ಸೆರಗಿಗೆ ಒಂದು ಬಟ್ಟೆ ಕ್ಲಿಪ್ ಸಿಕ್ಕಿಸಿ ತೆಗೆಯುತ್ತಿದ್ದಳು. ಸೋಮವಾರ ಅದೇ ಟೈಲರ ಹತ್ತಿರ ಹೋಗಿ, ಕಾಜಾಗಳನ್ನು ಬಿಚ್ಚಿಕೊಡಿ ಎಂದೆ. "ಫ್ಯಾಷನ್ ಹೋಯ್ತಾ?" ಎಂದರು ಅವರು.

ಶಾಲೆಯ ದಿನ ಬಂತು. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ನಾನು ಕುರ್ಚಿಯ ಮೇಲೆ, ನನ್ನ ಕೈ ನನ್ನ ಕೆಳಗೆ. ನೀಲಾ ಬನಿಯನ್ ಮೇಲೆ ಅಂಗಿ ತೂರಿಸಿಕೊಂಡು ಮೇಲಿನಿಂದ ಶುರುಮಾಡಿದಳು. ನಾಲಿಗೆ ತುಟಿಯ ಮೂಲೆಗೆ ಬಂದಿತ್ತು. ಒಂದು, ಎರಡು. ಗೋಡೆಯ ಗಡಿಯಾರ ಸದ್ದು ಮಾಡುತ್ತಿತ್ತು. ಮೂರು, ನಾಲ್ಕು. ಕೊನೆಗೆ ಒಂದು ಗುಂಡಿ ಉಳಿಯಿತು, ಅದಕ್ಕೆ ಕಾಜಾ ಇರಲಿಲ್ಲ. ಮೊದಲನೆಯ ಗುಂಡಿಯೇ ಎರಡನೆಯ ಕಾಜಾದಲ್ಲಿತ್ತು. ನಾನು ಅದನ್ನು ಶುರುವಿನಲ್ಲೇ ನೋಡಿದ್ದೆ. ನನ್ನ ಕೈಬೆರಳುಗಳು ಕುರ್ಚಿಯ ಹಲಗೆಯನ್ನು ಅಮುಕಿ ಅಮುಕಿ ಜೋಮು ಹಿಡಿದಿದ್ದವು.

ನೀಲಾ ತಲೆ ಬಗ್ಗಿಸಿ ನೋಡಿದಳು. ನನ್ನ ಕಡೆ ನೋಡಲಿಲ್ಲ. ಕೆಳಗಿನಿಂದ ಒಂದೊಂದಾಗಿ ಬಿಚ್ಚತೊಡಗಿದಳು. ಗಂಟೆ ಬಾರಿಸಿತು, ಹೊರಗೆ ಬೇಸಿಗೆ ಶಿಬಿರದ ಮಕ್ಕಳ ಗಲಾಟೆ ಎದ್ದಿತು. ಹೆಡ್‌ಮಿಸ್ಟ್ರೆಸ್ ಒಳ್ಳೆಯ ಹೆಂಗಸು, ಕನಿಕರದಿಂದಲೇ ಎದ್ದು ಬಂದು ಬಗ್ಗಿ ಅಂಗಿಗೆ ಕೈ ಚಾಚಿದರು.

"ಮೇಡಂ, ದಯವಿಟ್ಟು ಕೈ ತೆಗೀರಿ," ಎಂದೆ.

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವರು ಸೆಟೆದು ನಿಂತರು.

"ಇಷ್ಟು ಹೊತ್ತು ಹಿಡಿದ್ರೆ ಹೇಗಮ್ಮಾ? ಇನ್ನೂ ಎಷ್ಟು ಹೊತ್ತು?"

"ಅವಳಿಗೆ ಬೇಕಾದಷ್ಟು ಹೊತ್ತು," ಎಂದೆ. "ನನಗೆ ಆಫೀಸಿಗೆ ರಜೆ ಇದೆ. ನಾನು ಕೂತಿರ್ತೀನಿ."

ಅವರೂ ಕೂತರು. ಬೇರೆ ದಾರಿಯಿರಲಿಲ್ಲ. ಎರಡನೆಯ ಸಲ ಗುಂಡಿಗಳು ನೆಟ್ಟಗೆ ಹೋದವು. ಐದನೆಯದು ಹಾಕಿ ನೀಲಾ ತನ್ನ ಎದೆಯನ್ನು ತಾನೇ ಎರಡು ಸಲ ತಟ್ಟಿಕೊಂಡಳು. ನಮ್ಮಪ್ಪನ ಕೋಟಿನ ಮೇಲೆ ಅವ್ವ ತಟ್ಟುತ್ತಿದ್ದಳಲ್ಲ, ಹಾಗೆಯೇ. ಅವಳಿಗೂ ಅವ್ವ ಹಾಗೆ ತಟ್ಟಿರಬೇಕು. ಜೂನಿನಲ್ಲಿ ಅವಳು ಒಂದನೇ ತರಗತಿಗೆ ಹೋದಳು, ಪಿ.ಟಿ. ಮುಗಿದ ಮೇಲೆ ತರಗತಿಗೆ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು, ಆದರೆ ತಾನೇ ಗುಂಡಿ ಹಾಕಿಕೊಂಡು ಬರುತ್ತಿದ್ದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಇಲ್ಲ. ಗುಂಡಿಯ ನಂತರ ಬರವಣಿಗೆ ಬಂತು, ಬರವಣಿಗೆಯ ನಂತರ ಕತ್ತರಿ, ಷೂ ಲೇಸು, ಜಡೆ. ವಾರಕ್ಕೆ ಎರಡು ಸಲ ಇದ್ದದ್ದು ಒಂದು ಸಲವಾಯಿತು, ಆಮೇಲೆ ಹದಿನೈದು ದಿನಕ್ಕೊಮ್ಮೆ. ಕ್ಯಾಲೆಂಡರಿನಲ್ಲಿ ಗೀಟು ಎಳೆಯುವುದನ್ನು ನಾನು ಯಾವಾಗ ಬಿಟ್ಟೆನೋ ನೆನಪಿಲ್ಲ. ಅವಳಿಗೆ ಒಂಬತ್ತು ತುಂಬಿದ ವರ್ಷ ಒಂದು ಶನಿವಾರ, ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನನ್ನು ತಡೆದು, "ಅಮ್ಮ, ಇನ್ಮೇಲೆ ಶನಿವಾರ ಆಗಲ್ಲ, ಖೊಖೊ ಪ್ರಾಕ್ಟೀಸ್ ಇದೆ" ಎಂದಳು. ನಾನು ಗಾಬರಿಯಾಗಿ ಶಾಹೀನಾ ಮೇಡಂಗೆ ಫೋನು ಮಾಡಿದೆ. ಅವರು ಆ ಕಡೆಯಿಂದ ನಕ್ಕರು.

"ಎಷ್ಟು ದಿನ ಅಂತ ಕೇಳಿದ್ರಲ್ಲ ಮೇಡಂ, ಇಷ್ಟು ದಿನ. ಇಲ್ಲಿಗೆ ಬರೋದಕ್ಕಿಂತ ಒಳ್ಳೇ ಕೆಲಸ ಅವಳಿಗೆ ಸಿಕ್ಕಿದೆ. ಹೋಗ್ಲಿ ಬಿಡಿ."

ಈಗ ನೀಲಾ ಕಾಲೇಜಿಗೆ ಹೋಗುತ್ತಾಳೆ. ಅವಳ ಅಕ್ಷರ ಇವತ್ತಿಗೂ ಕಾಗೆ ಕಾಲು ಗುಬ್ಬಿ ಕಾಲು, ಬೀಗ ತೆಗೆಯಲು ನನಗಿಂತ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತಾಳೆ. ನಾನು ಬಾಗಿಲ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ, ನಿಂತಲ್ಲಿ ಕೈ ಮೇಲೆ ಕೂರುವುದು ಹೇಗೆ ಎಂದು ಮೇಡಂ ಹೇಳಿಕೊಟ್ಟಿಲ್ಲವಲ್ಲ.

ಇಷ್ಟೆಲ್ಲ ನೆನಪಾಗಲು ಕಾರಣ ಅವ್ವ. ಮೂರು ತಿಂಗಳ ಹಿಂದೆ ಗದಗಿನಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡು ನಮ್ಮ ಮನೆಗೆ ಬಂದಿದ್ದಾಳೆ. ಪ್ಲಾಸ್ಟರ್ ಬಿಚ್ಚಿದ್ದಾರೆ, ಕೈ ಇನ್ನೂ ಮರದ ಹಲಗೆ. ಎಲ್ಲರಿಗೂ ಉಣ್ಣಿಸಿದ ಕೈ ತನ್ನ ತುತ್ತನ್ನೂ ನೆಟ್ಟಗೆ ಎತ್ತುವುದಿಲ್ಲ. ನಾನು ಉಣ್ಣಿಸಲು ಹೋದರೆ ಮುಖ ತಿರುಗಿಸುತ್ತಾಳೆ. ಮೊನ್ನೆ ಆಸ್ಪತ್ರೆಯವರು ಹೇಳಿದ ವ್ಯಾಯಾಮವನ್ನು ನೀಲಾ ಮಾಡಿಸುತ್ತಿದ್ದಾಗ ಅವ್ವ ಬೇಸತ್ತು ಕೇಳಿದಳು.

"ಎಷ್ಟ ದಿನಾ ಹಿಡೀತೈತಿ ಇದು?"

ನೀಲಾ ಅಜ್ಜಿಯ ಮುಂದೆ ನೆಲದ ಮೇಲೆ ಕೂತಿದ್ದಳು. "ನಿಂಗೆ ಏನ್ ಮಾಡ್ಬೇಕು ಅಂತ ಆಸೆ ಅಜ್ಜಿ? ಅದನ್ ಹೇಳು ಮೊದ್ಲು."

ಅವ್ವ ತನ್ನ ಬಲಗೈಯನ್ನು ಮಡಿಲಿಗೆ ಎಳೆದುಕೊಂಡಳು. "ರೊಟ್ಟಿ ಬಡೀಬೇಕು," ಎಂದಳು.

ಜೋಳದ ಹಿಟ್ಟು ಬಂತು, ಬಿಸಿನೀರು ಬಂತು. ನೀಲಾ ತಟ್ಟೆಯನ್ನು ಅಜ್ಜಿಯ ಮುಂದೆ ಸರಿಸಿದಳು. ಅವ್ವ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಟ್ಟಿನ ಮೇಲಿಟ್ಟಳು. ಬೆರಳುಗಳು ಬಗ್ಗಲಿಲ್ಲ. ಹಿಟ್ಟು ಸಿಡಿದು ಸೀರೆಯ ಮೇಲೆ, ನೆಲದ ಮೇಲೆ ಬಿತ್ತು. ನೋವಿಗೆ ಅವ್ವನ ತುಟಿ ಬಿಗಿಯಿತು. ನಾನು ಮಣೆಯಿಂದ ಅರ್ಧ ಎದ್ದಿದ್ದೆ.

"ಅಮ್ಮ, ಕೈ," ಎಂದಳು ನೀಲಾ, ನನ್ನ ಕಡೆ ತಿರುಗದೆ.

ಕೂತೆ. ಎರಡೂ ಕೈ ತೊಡೆಯ ಕೆಳಗೆ ತೂರಿಸಿಕೊಂಡು ಕೂತೆ. ಅವ್ವ ಹಿಟ್ಟನ್ನು ಮತ್ತೆ ಒಟ್ಟುಗೂಡಿಸಿ ಇನ್ನೊಂದು ಸಲ ಒತ್ತತೊಡಗಿದಳು. ಅಂಗೈಯಷ್ಟಗಲದ, ಒಂದು ಕಡೆ ದಪ್ಪ ಒಂದು ಕಡೆ ತೂತು ಬಿದ್ದ ಒಂದು ರೊಟ್ಟಿ ಆಗುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು. ಅದನ್ನು ಹಂಚಿನ ಮೇಲೆ ಹಾಕಿದ್ದೂ ಅವಳೇ. ನಾವು ಮೂವರೂ ಹರಿದುಕೊಂಡು ತಿಂದೆವು. ಅವ್ವ ತನ್ನ ಪಾಲನ್ನು ಬಲಗೈಯಲ್ಲೇ ತಿಂದಳು.